ದೇವರ ಚಿತ್ತಕ್ಕೆ ತಾಲ್ಲೂಕಿನ ಗಡಿಯುಂಟೇ?



ಡಿಸೆಂಬರ್ 28ರಂದು ಧರ್ಮಸಭೆ ಮುಗ್ಧ ಕಂದಮ್ಮಗಳನ್ನು ಸ್ಮರಿಸುತ್ತದೆ. ಸಂತ ಮತ್ತಾಯನ ಶುಭಸಂದೇಶದ 2ನೇ ಅಧ್ಯಾಯವನ್ನು ನೆನಪಿಗೆ ತಂದುಕೊಳ್ಳಿ. ಆ ಕೂಸುಗಳು ಮಾಡಿದ ತಪ್ಪೇನು? ಬೆತ್ಲೆಹೇಮಿನ ಸುತ್ತಮುತ್ತ ಹುಟ್ಟಿದ್ದು, ಅಷ್ಟೇ. ಹೆರೋದ ಒಂದು ಗೆರೆ ಎಳೆದ. ಗೆರೆಯೊಳಗೆ ಸಾವು, ಹೊರಗೆ ಬದುಕು.

ನಮ್ಮ ನಾಡಿನಲ್ಲೂ ಇಂಥ ಗೆರೆಗಳಿವೆ. 2020ರ ಸರ್ಕಾರಿ ಲೆಕ್ಕದಂತೆ ಕರ್ನಾಟಕದಲ್ಲಿ ಹುಟ್ಟಿದ ಪ್ರತಿ ಸಾವಿರ ಶಿಶುಗಳಲ್ಲಿ ವರ್ಷ ತುಂಬುವ ಮುನ್ನ ತೀರಿಕೊಂಡವು 19; ನೆರೆಯ ಕೇರಳದಲ್ಲಿ 6. ರಾಜ್ಯದ ಸರಾಸರಿಯೊಳಗೂ ಬೆಂಗಳೂರು ಬೇರೆ, ವಿಜಯಪುರದ ಜೋಳದ ಸೀಮೆ ಬೇರೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ನಾಲ್ಕೂ ಡಾ. ಡಿ. ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಗುರುತಿಸಿದ 114 ಹಿಂದುಳಿದ ತಾಲ್ಲೂಕುಗಳಲ್ಲಿ ಸೇರಿವೆ.

ಮಗು ಸತ್ತ ಮನೆಗೆ ಹೋದಾಗ ನಾವು ಹೇಳುವ ಮಾತೊಂದಿದೆ: "ದೇವರ ಚಿತ್ತ". ಸಾಂತ್ವನಕ್ಕಾಗಿಯೇ ಹೇಳುತ್ತೇವೆ, ನಿಜ. ಆದರೆ ದೇವರ ಚಿತ್ತವೇ ಆಗಿದ್ದರೆ ಅದು ಬಡ ತಾಲ್ಲೂಕುಗಳನ್ನೇ ಏಕೆ ಆರಿಸಿಕೊಳ್ಳಬೇಕು? 1990ರಲ್ಲಿ ರಾಜ್ಯದಲ್ಲಿ ಸಾವಿರಕ್ಕೆ 70ರಷ್ಟಿದ್ದ ಸಾವು 19ಕ್ಕೆ ಇಳಿದದ್ದು ದೇವರು ಮನಸ್ಸು ಬದಲಿಸಿದ್ದರಿಂದಲೇ?

ಇಲ್ಲಿ ಹೆರೋದನಿಲ್ಲ. ಬೆರಳು ತೋರಿಸಲು ಒಬ್ಬ ಅಪರಾಧಿಯೂ ಸಿಗುವುದಿಲ್ಲ. ಹದಿನಾರಕ್ಕೇ ಮದುವೆಯಾದ ಹುಡುಗಿ, ರಕ್ತಹೀನತೆ, ದಿನ ತುಂಬದ ಹೆರಿಗೆ, ಎರಡು ಕಿಲೋ ಇಲ್ಲದ ಕೂಸು. ಮುದ್ದೇಬಿಹಾಳದಿಂದ ವಿಜಯಪುರದ ಜಿಲ್ಲಾಸ್ಪತ್ರೆಗೆ ಸುಮಾರು 80 ಕಿಲೋಮೀಟರ್. ಅಂಥ ಕೂಸು ದಾರಿಯಲ್ಲಿ ತಣ್ಣಗಾಗಿಯೇ ಸಾಯಬಹುದು. ತಾಯಿಯ ಬರಿ ಎದೆಗೆ ಮಗುವನ್ನು ಒತ್ತಿ ಹೊದಿಸಿಕೊಂಡರೆ ಆ ಬಿಸುಪೇ ಅದನ್ನು ಕಾಯುತ್ತದೆ. ಇದಕ್ಕೆ ಕಾಸು ಬೇಡ, ಹೇಳಿಕೊಡುವವರು ಬೇಕು. ಹುಟ್ಟಿದ ಕೂಡಲೇ ಸ್ನಾನ ಮಾಡಿಸುವುದು, ಗಿಣ್ಣುಹಾಲನ್ನು ಹಿಂಡಿ ಚೆಲ್ಲಿ ಸಕ್ಕರೆ ನೀರು ಕುಡಿಸುವುದು, ಇವು ಪ್ರೀತಿಯಿಂದಲೇ ನಡೆಯುವ ಹಾನಿಗಳು. (ಅಜ್ಜಿಯರನ್ನು ಬೈಯುವುದು ಬೇಡ, ಅವರನ್ನು ಮೊದಲು ಒಲಿಸಿಕೊಳ್ಳಬೇಕು.) ಮುಂದಿನ ತಿಂಗಳುಗಳಲ್ಲಿ ಭೇದಿ, ನ್ಯುಮೋನಿಯಾ.

ಇದೆಲ್ಲ ದೂರದ ಊರಿನ ಮಾತು ಎನ್ನುವಿರಾ? ಮಳೆ ಕೈಕೊಟ್ಟಾಗ ಆ ಸೀಮೆಯ ಹಳ್ಳಿ, ತಾಂಡಾಗಳಿಂದ ಕುಟುಂಬಗಳು ಮಹಾರಾಷ್ಟ್ರದ ಕಬ್ಬಿನ ಗದ್ದೆಗೆ, ಗೋವಾ, ಬೆಂಗಳೂರುಗಳ ಕಟ್ಟಡ ಕೆಲಸಕ್ಕೆ ಹೊರಡುತ್ತವೆ. ನಮ್ಮ ದೇವಾಲಯದ ಪಕ್ಕದಲ್ಲೇ ಏಳುತ್ತಿರುವ ಕಟ್ಟಡದ ತಗಡಿನ ಶೆಡ್ಡಿನಲ್ಲಿ ಅಂಥ ಬಾಣಂತಿಯೊಬ್ಬಳು ಇರಬಹುದು. ಬಲಿಪೂಜೆ ಮುಗಿಸಿ ಹೋಗುವಾಗ ಮಗುವಿಗೆ ಲಸಿಕೆ ಆಯಿತೇ ಎಂದು ಕೇಳಿ ನೋಡಿ. ತಾಯಿಕಾರ್ಡು ಊರಲ್ಲೇ ಉಳಿದಿದ್ದರೂ ಇಲ್ಲಿನ ಸರ್ಕಾರಿ ಆಸ್ಪತ್ರೆಯಲ್ಲಿ ಲಸಿಕೆ ಉಚಿತವಾಗಿ ಸಿಗುತ್ತದೆಂದು ಬಹುಶಃ ಅವಳಿಗೆ ಇನ್ನೂ ಯಾರೂ ಹೇಳಿಲ್ಲ.