ಕೂಟಲೇಖವೂ ಮುದ್ರೆಯ ಒಡೆತನವೂ

ನಂಜನಗೂಡಿನ ನಮ್ಮ ಅಂಗಡಿಗೆ ಟಿ. ನರಸೀಪುರದ ಅಕ್ಕಿ ಗಿರಣಿಯ ವಿಳಾಸದಿಂದ ಒಮ್ಮೆ ಇಮೇಲ್ ಬಂದಿತು: ‘ಬ್ಯಾಂಕ್ ಖಾತೆ ಬದಲಾಗಿದೆ, ಬಾಕಿಯನ್ನು ಹೊಸ ಖಾತೆಗೆ ಕಳುಹಿಸಿರಿ.’ ಮಗನು ಮೊದಲು ದೂರವಾಣಿ ಮಾಡಿ ವಿಚಾರಿಸಿದ್ದರಿಂದ ಹಣ ಉಳಿಯಿತು. ಪತ್ರ ಗಿರಣಿಯವರದಾಗಿರಲಿಲ್ಲ.

ಪರರ ಹೆಸರಿನಲ್ಲಿ ಸುಳ್ಳು ಬರಹ ಮಾಡುವ ಕೂಟಲೇಖಕ್ರಿಯೆಯನ್ನು ತತ್ತ್ವಾರ್ಥಸೂತ್ರವು ಸತ್ಯಾಣುವ್ರತದ ಐದು ಅತಿಚಾರಗಳಲ್ಲಿ ಎಣಿಸಿದೆ. 1982ರಲ್ಲಿ ಇಮೇಲ್ ಸಾಗಣೆಯ ನಿಯಮ ರೂಪುಗೊಂಡಾಗ ಕಳುಹಿಸುವವನು ಯಾರೆಂದು ಪರೀಕ್ಷಿಸುವ ಏರ್ಪಾಡು ಅದರಲ್ಲಿರಲಿಲ್ಲ. ಲಕೋಟೆಯ ಮೇಲೆ ಯಾರ ವಿಳಾಸವನ್ನಾದರೂ ಬರೆಯಬಹುದಲ್ಲವೇ, ಹಾಗೆ. ಇದಕ್ಕೆ ಪರಿಹಾರವಾಗಿ ಬಂದ ಎಸ್‌ಪಿಎಫ್ ಪದ್ಧತಿಯಲ್ಲಿ ಡೊಮೈನಿನ ಒಡೆಯನು ತನ್ನ ಪರವಾಗಿ ಅಂಚೆ ಕಳುಹಿಸಬಲ್ಲ ಯಂತ್ರಗಳ ಪಟ್ಟಿಯನ್ನು ಬಹಿರಂಗಪಡಿಸುತ್ತಾನೆ. ಸ್ವೀಕರಿಸುವವನು ಅದರೊಡನೆ ತಾಳೆ ನೋಡುತ್ತಾನೆ.

2004ರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯು ಇದೇ ಉದ್ದೇಶದ ‘ಸೆಂಡರ್ ಐಡಿ’ಯನ್ನು ಮುಂದಿಟ್ಟು ಅದರ ಪೇಟೆಂಟಿಗೂ ಅರ್ಜಿ ಸಲ್ಲಿಸಿತ್ತು. ಶುಲ್ಕವಿರಲಿಲ್ಲ. ಆದರೆ ಪರವಾನಗಿ ಪತ್ರಕ್ಕೆ ಸಹಿ ಹಾಕಬೇಕಿತ್ತು. ಪಡೆದ ಹಕ್ಕನ್ನು ಮತ್ತೊಬ್ಬರಿಗೆ ದಾಟಿಸುವಂತಿರಲಿಲ್ಲ. ಕೈಯಿಂದ ಕೈಗೆ ಸಾಗುವ ಮುಕ್ತ ತಂತ್ರಾಂಶಕ್ಕೆ ಇದು ಒಗ್ಗದೆಂದು ಅಪಾಚೆ ಮತ್ತು ಡೆಬಿಯನ್ ಬಳಗಗಳು ಆ ಸೆಪ್ಟೆಂಬರಿನಲ್ಲಿ ನಿರಾಕರಿಸಿದವು. ಒಮ್ಮತ ಮೂಡದೆ ಮಾನಕ ಸಮಿತಿಯೂ ಅದೇ ತಿಂಗಳು ಮುಚ್ಚಿತು.

ಹಾಗಾದರೆ ಶೋಧಕನಿಗೆ ಶ್ರಮದ ಫಲ ಸಲ್ಲಬಾರದೇ? ಸಲ್ಲಬೇಕು. ಕೊಡದೆ ತೆಗೆದುಕೊಳ್ಳುವುದು ಅದತ್ತಾದಾನ. ಆ ಬಳಗಗಳು ಒಲ್ಲೆವೆಂದವೇ ಹೊರತು ಕದ್ದು ಬಳಸಲಿಲ್ಲ, ಇದು ಗಮನಾರ್ಹ. ಆದರೆ ತಕ್ಕಡಿ ಮಾಡಿದವನು ತಕ್ಕಡಿಗೆ ಬೆಲೆ ಪಡೆಯಬಹುದು. ಕಿಲೋಗ್ರಾಮ್ ಎಂಬ ಅಳತೆ ಯಾವ ವರ್ತಕನ ಸ್ವತ್ತೂ ಅಲ್ಲ. ‘ಇದು ನಾನೇ’ ಎಂದು ಸಾಕ್ಷಿ ನುಡಿಯಲು ಮತ್ತೊಬ್ಬರ ಅಪ್ಪಣೆ ಬೇಕಾದರೆ, ಸಣ್ಣವನ ಸತ್ಯ ದೊಡ್ಡವನ ಹಂಗಿಗೆ ಬೀಳುತ್ತದೆ.

2006ರ ಅಕ್ಟೋಬರಿನಲ್ಲಿ ಆ ಸಂಸ್ಥೆಯೇ ಸೆಂಡರ್ ಐಡಿಯ ವಿಷಯದಲ್ಲಿ ಪೇಟೆಂಟ್ ಹಕ್ಕು ಚಲಾಯಿಸುವುದಿಲ್ಲವೆಂದು ವಚನವಿತ್ತಿತು. ಕಾಲಕ್ರಮದಲ್ಲಿ ನೆಲೆಗೊಂಡದ್ದು ಮಾತ್ರ ಎಸ್‌ಪಿಎಫ್, ಡಿಕೆಐಎಂ, ಡಿಮಾರ್ಕ್ ಎಂಬ ಮುಕ್ತ ಮಾನಕಗಳು. 2024ರ ಫೆಬ್ರವರಿಯಿಂದ ಗೂಗಲ್ ಮತ್ತು ಯಾಹೂ ಭಾರಿ ಸಂಖ್ಯೆಯಲ್ಲಿ ಅಂಚೆ ಕಳುಹಿಸುವವರಿಗೆ ಈ ಮೂರನ್ನೂ ಕಡ್ಡಾಯಗೊಳಿಸಿವೆ.

ಮುದ್ರೆ ನಿಜವಾದ ಮಾತ್ರಕ್ಕೆ ಒಳಗಿನ ಮಾತು ನಿಜವಾಗದು. ಹಣದ ವಿಷಯದಲ್ಲಿ ದೂರವಾಣಿಯ ವಿಚಾರಣೆ ತಪ್ಪಬಾರದು. ಆದರೂ ಮುದ್ರೆ ಬೇಕೇ ಬೇಕು. ಆ ಗಿರಣಿಯವರು ಈ ಮೂರರಲ್ಲಿ ಒಂದನ್ನೂ ಅಳವಡಿಸಿರಲಿಲ್ಲ. ವಿಚಾರಿಸಿದಾಗ ನಮ್ಮ ಅಂಗಡಿಯ ಡೊಮೈನಿನಲ್ಲೂ ಇರಲಿಲ್ಲ! ಸಾಧನವು ಒಬ್ಬರ ಸ್ವತ್ತಾಗಿದ್ದರೆ ದೂರಬಹುದಿತ್ತು. ಎಲ್ಲರದಾದ ಮೇಲೆಯೂ ಬಳಸದಿರುವುದು ನಮ್ಮದೇ ಪ್ರಮಾದ. ದಾನಿಗಳಿಗೆ ಪತ್ರ ಬರೆಯುವ ಬಸದಿ ಟ್ರಸ್ಟುಗಳೂ ಇದನ್ನು ಆಲೋಚಿಸಬೇಕು.