ಭರತನ ಜಿಂಕೆ, ನಮ್ಮ ಗಿಡ್ಡ

ಭಾಗವತದ ಐದನೆಯ ಸ್ಕಂಧದ ಭರತ ರಾಜ್ಯ ಬಿಟ್ಟು ಗಂಡಕಿ ತೀರ ಸೇರಿದ. ಅಲ್ಲಿ ತಬ್ಬಲಿ ಜಿಂಕೆಮರಿ ಸಾಕಿದ, ಅದರ ಚಿಂತೆಯಲ್ಲೇ ಪ್ರಾಣ ಬಿಟ್ಟ, ಮರುಜನ್ಮದಲ್ಲಿ ಜಿಂಕೆಯಾದ. ಮೇಷ್ಟರ ಕೆಲಸದಿಂದ ನಿವೃತ್ತನಾಗಿ, ಮಡಿಕೇರಿ ಪಕ್ಕದ ಗಾಳಿಬೀಡಿನಲ್ಲಿ ಮಲೆನಾಡು ಗಿಡ್ಡ ಹಸುಗಳನ್ನು ಕಟ್ಟಿಕೊಂಡಿರುವ ನನ್ನನ್ನು ಈ ಕಥೆ ಬಿಡುತ್ತಿಲ್ಲ. “ಪಿಂಚಣಿ ಬರುತ್ತಲ್ಲ ಮಾವ, ಇನ್ನೂ ಯಾಕೆ ಈ ಸಗಣಿ?” ಎನ್ನುತ್ತಾನೆ ಅಳಿಯ.

1955ರಲ್ಲೇ ಕುಡಿಗೆಯಲ್ಲಿ ಡೇರಿ ಕಂಡ ಜಿಲ್ಲೆ ನಮ್ಮದು. ಡೇರಿ ಲೆಕ್ಕಕ್ಕೆ ಗಿಡ್ಡ ದಂಡವೇ. ದಿನಕ್ಕೆ ಎರಡು-ಮೂರು ಲೀಟರ್ ದಾಟುವುದು ಅಪರೂಪ. ಗೊಬ್ಬರ ಕಾಫಿ ಬುಡಕ್ಕೆ ಆಗುತ್ತದೆ, ನಿಜ. ಆದರೆ ಕಕ್ಕಡ ತಿಂಗಳ ಮಳೆಯಲ್ಲಿ, ಮೊಣಕಾಲು ನೋಯುವಾಗಲೂ ನಾನು ಎದ್ದು ಸೊಪ್ಪು ತರಲು ಹೋಗುವುದು ಗೊಬ್ಬರಕ್ಕಲ್ಲ. ಕೊಟ್ಟಿಗೆಯಲ್ಲಿ ಹಸಿದಿರುತ್ತವೆ, ಅದಕ್ಕೆ. ಪಿಂಚಣಿ ನಾನು ಎದ್ದರೂ ಬರುತ್ತದೆ, ಮಲಗಿದ್ದರೂ ಬರುತ್ತದೆ. ಹಸುವಿನ ಮುಂದೆ ಹುಲ್ಲು ತಾನಾಗಿ ಬಂದು ಬೀಳದು. ನಿವೃತ್ತಿಯ ಮೊದಲ ದಿನಗಳಲ್ಲಿ ನನ್ನನ್ನು ಕಾಡಿದ್ದ ಮಂಕು ಹರಿದದ್ದು ಈ ಓಡಾಟದಲ್ಲೇ.

ಬೌದ್ಧರ ಸುತ್ತನಿಪಾತದಲ್ಲಿ ಧನಿಯನೆಂಬ ಗೋವಳನಿದ್ದಾನೆ. ಅವನ ಪ್ರಸಂಗದಲ್ಲಿ, ಹಸುವುಳ್ಳವನಿಗೆ ಹಸುವಿನಿಂದ ಸಂತೋಷ ಎಂದು ಆಸೆ ತೋರಿಸುವ ಮಾರ ಹೇಳಿದರೆ, ಹಸುವಿನಿಂದಲೇ ದುಃಖ ಎನ್ನುತ್ತಾನೆ ಬುದ್ಧ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು ಕಡೆ ಗುಡ್ಡ ಜರಿದಾಗ ಬುದ್ಧನ ಮಾತು ಎಷ್ಟು ದಿಟವೆಂದು ಕಂಡೆ. ಅಲ್ಲಿಂದ ಉಟ್ಟ ಬಟ್ಟೆಯಲ್ಲಿ ಬಂದಿದ್ದ ಅಜ್ಜನೊಬ್ಬ ಮನೆಯ ಸುದ್ದಿ ಕೇಳಲಿಲ್ಲ. ಹಸುಗಳ ಹಗ್ಗ ಬಿಚ್ಚಿದರೋ ಇಲ್ಲವೋ ಎಂದೇ ಕೇಳುತ್ತಿದ್ದ. ಆ ಸಂಕಟ ಬೇಡವೆಂದರೆ ಹಸುವೇ ಬೇಡ. ನನಗೆ ಸಂಕಟ ಸಹಿತ ಹಸು ಬೇಕು.

ಭರತನ ಜಿಂಕೆ ಕಾಡಿನದು, ಬೆಳೆದ ಮೇಲೆ ತನ್ನ ಹಿಂಡು ಸೇರಬಹುದಿತ್ತು. ಹಸುವನ್ನು ಕಾಡಿನಿಂದ ಬಿಡಿಸಿ ತಂದವರು ನಾವು. ಅದನ್ನು ನೋಡಿಕೊಳ್ಳುವುದು ಮೋಹಕ್ಕಿಂತ ಹೆಚ್ಚಾಗಿ ಋಣ ಎಂದೇ ನಂಬಿದ್ದೇನೆ. ಋಣವೆಂದ ಮೇಲೆ ಗಂಡುಕರುವಿನ ಪ್ರಶ್ನೆಯನ್ನು ದಾಟುವಂತಿಲ್ಲ. ಗದ್ದೆಗೆ ಟಿಲ್ಲರ್ ಬಂದಿದೆ, ಎತ್ತು ಯಾರಿಗೂ ಬೇಡ. ಆ ಕರುವಿನ ಪಾಲಿನ ಹಾಲು ಕುಡಿದು, ಅದನ್ನು ಕೊಳ್ಳುವವನ ಕೈಗೆ ಕೊಟ್ಟು, ಕೊಟ್ಟಿಗೆಯಲ್ಲಿ ನೆಮ್ಮದಿ ಇದೆ ಎನ್ನಲು ನನ್ನಿಂದಾಗದು. ಹುಟ್ಟಿದ ಗಂಡುಗಳನ್ನೂ ಇಟ್ಟುಕೊಂಡಿದ್ದೇನೆ. ಇನ್ನು ಹಸು ಹೆಚ್ಚಿಸುವುದಿಲ್ಲ. ನಾನಿಲ್ಲದ ಮೇಲೆ ಇವುಗಳ ಗತಿಯೇನು ಎಂಬುದು ಭರತನ ಕೊನೆಯ ಚಿಂತೆಯೂ ಹೌದು. ಇವುಗಳನ್ನು ನೋಡಿಕೊಳ್ಳುವುದಾದರೆ ಪಕ್ಕದ ಮನೆಯ ಹುಡುಗನಿಗೆ ಹುಲ್ಲಿನ ಜಾಗ ಬಿಟ್ಟುಕೊಡುವ ಮಾತಾಡಿದ್ದೇನೆ, ಅವನು ಒಪ್ಪಿದ್ದಾನೆ.