ಆಲೋಚನೆಯ ಮೂಲ ಎಲ್ಲಿ?



ದಿನವಿಡೀ ನಾವು ಆಲೋಚನೆ ಮಾಡುತ್ತೇವೆ ಎಂದುಕೊಂಡಿದ್ದೇವೆ. ಗಮನಿಸಿ ನೋಡಿದರೆ, ನಾವು ಮಾಡುವುದಕ್ಕಿಂತ ಅವು ತಾವಾಗಿ ಬರುವುದೇ ಹೆಚ್ಚು. ಹಾಗಾದರೆ ಅವನ್ನು ಕಳಿಸುವವರು ಯಾರು? ಕೇನೋಪನಿಷತ್ತು ಆರಂಭವಾಗುವುದೇ ಈ ಪ್ರಶ್ನೆಯಿಂದ. ಮನಸ್ಸಿಗೂ ಮನಸ್ಸಾದದ್ದು ಒಂದಿದೆ, ಅದನ್ನು ಮನಸ್ಸು ಹಿಡಿಯಲಾರದು ಎಂಬುದು ಅಲ್ಲಿ ದೊರೆಯುವ ಉತ್ತರ.

ಇದನ್ನು ನಂಬುವ ನಮ್ಮಲ್ಲಿ ಹಲವರು ಒಂದು ಹೆಜ್ಜೆ ಮುಂದೆ ಹೋಗಿ, ಆಲೋಚನೆ ಶುದ್ಧವಾಗಿದ್ದರೆ ಕಾಯಿಲೆಯೇ ಬಾರದು ಎನ್ನುತ್ತೇವೆ. ಕೇಳಲು ಹಿತವಾದ ಮಾತು. ಆದರೆ ಕಾಯಿಲೆ ಬಿದ್ದವರ ಕಿವಿಗೆ ಅದು ಆಪಾದನೆ. ಖಿನ್ನತೆಯಿಂದ ನರಳುವ ಸೊಸೆಗೆ, ಊರು ಬಿಟ್ಟು ಬಂದು ತಕಾನಿನಿಯ ಮನೆಯಲ್ಲಿ ಹಗಲೆಲ್ಲ ಒಂಟಿಯಾಗಿ ಕೂರುವ ಅಜ್ಜನಿಗೆ, "ಜಪ ಮಾಡಿ, ಎಲ್ಲಾ ಸರಿಹೋಗುತ್ತೆ" ಎಂದಷ್ಟೇ ಹೇಳಿದರೆ, ಇದ್ದ ನೋವಿನ ಜೊತೆಗೆ ಭಕ್ತಿ ಸಾಲದೆಂಬ ಅಳುಕೂ ಸೇರುತ್ತದೆ.

ಥೈರಾಯ್ಡ್ ಗ್ರಂಥಿ ಮಂದವಾದರೆ ಮನಸ್ಸೂ ಮಂದವಾಗುವುದನ್ನು ವೈದ್ಯರಾದ ನಾವು ಬಲ್ಲೆವು. ಸಸ್ಯಾಹಾರಿಗಳಲ್ಲಿ ಬಿ-12 ಜೀವಸತ್ವ ಕಡಿಮೆಯಾದರೆ ಮರೆವು, ಬೇಸರ, ಸಿಡುಕು ತಲೆದೋರಬಹುದು. ಅಲ್ಲಿ ಮೊದಲು ಬೇಕಾದದ್ದು ರಕ್ತಪರೀಕ್ಷೆ, ಉಪದೇಶವಲ್ಲ. ಹಾಗೆಂದು ಆಲೋಚನೆ ಬರೀ ರಸಾಯನವೆಂದು ಸಿದ್ಧವಾಗುವುದಿಲ್ಲ. ತಂತಿ ಸಡಿಲವಾದರೆ ವೀಣೆಯ ನಾದ ಕೆಡುತ್ತದೆ; ಆದರೆ ರಾಗ ಹುಟ್ಟಿದ್ದು ತಂತಿಯಲ್ಲಿ ಎಂದು ಯಾರೂ ಹೇಳುವುದಿಲ್ಲ.

ನಾವು ನೆಲೆಸಿದ ಈ ನಾಡಿನ ಮಾವೊರಿ ಮನೋವೈದ್ಯ ಸರ್ ಮೇಸನ್ ಡ್ಯೂರಿ ಅವರು 1984ರಲ್ಲಿ ಆರೋಗ್ಯವನ್ನು ನಾಲ್ಕು ಗೋಡೆಗಳ ಮನೆಗೆ ಹೋಲಿಸಿದರು. ವೈರುವಾ ಎಂದರೆ ಅಧ್ಯಾತ್ಮ, ಹಿನೆಂಗಾರೊ ಮನಸ್ಸು, ತಿನಾನಾ ದೇಹ, ಫಾನೌ ಕುಟುಂಬ. ಒಂದು ಗೋಡೆ ಕುಸಿದರೆ ಇಡೀ ಮನೆಯೇ ವಾಲುತ್ತದೆ. ನಮ್ಮ ತೈತ್ತಿರೀಯ ಉಪನಿಷತ್ತು ಆನಂದಮಯ ಕೋಶವನ್ನು ತಲುಪುವುದೂ ಅನ್ನಮಯದಿಂದ ಹೊರಟೇ. ಅನ್ನವನ್ನು ನಿಂದಿಸಬಾರದೆಂದೂ ಅದು ಎಚ್ಚರಿಸುತ್ತದೆ.

ಆಲೋಚನೆಯ ಮೂಲ ನಮ್ಮ ಹಿಡಿತಕ್ಕೆ ಮೀರಿದ್ದೆಂದು ಒಪ್ಪಿದ ಮೇಲೆ, ಕತ್ತಲೆಯ ಆಲೋಚನೆ ಬಂದದ್ದಕ್ಕೆ ರೋಗಿಯನ್ನು ದೂರುವುದು ಯಾವ ನ್ಯಾಯ? ಬಂದದ್ದು ನಮ್ಮ ತಪ್ಪಲ್ಲ. ಬಂದ ಅತಿಥಿಗಳಲ್ಲಿ ಯಾರಿಗೆ ಮಣೆ ಹಾಕಬೇಕೆಂಬುದು ಮಾತ್ರ ಸ್ವಲ್ಪಮಟ್ಟಿಗೆ ನಮ್ಮ ಕೈಯಲ್ಲಿದೆ. ಪ್ರಾರ್ಥನೆ, ಧ್ಯಾನ ಆ ವಿವೇಕವನ್ನು ಬೆಳೆಸುತ್ತವೆ. ಅದನ್ನೂ ಮಾಡಲಾರದಷ್ಟು ಸೋತವರಿಗೆ ಉಳಿದ ಮೂರು ಗೋಡೆಗಳು ಆಸರೆಯಾಗಬೇಕು.

ಆದ್ದರಿಂದ ದೀಪ ಹಚ್ಚೋಣ, ಜಪ ಮಾಡೋಣ. ವೈದ್ಯರು ಕೊಟ್ಟ ಮಾತ್ರೆಯನ್ನೂ ಬಿಡದಿರೋಣ. ಮನಸ್ಸು ಭಾರವಾದಾಗ 1737ಕ್ಕೆ ಉಚಿತವಾಗಿ ಕರೆ ಮಾಡಿ ಮಾತನಾಡಬಹುದು, ಅದರಲ್ಲಿ ಸಂಕೋಚವೇನೂ ಬೇಡ. ಒಂಟಿಯಾಗಿ ಕೂತ ಆ ಅಜ್ಜನನ್ನು ಈ ಶನಿವಾರ ನಮ್ಮ ನಿಮ್ಮ ಮನೆಗೆ ಕಾಫಿಗೆ ಕರೆಯೋಣ.